ಹಗಲು ಬೀಗ ಹಾಕಿರುವ ಮನೆ

ಚಪ್ಪಲಿಗಳ ಸದ್ದು. ಕಬಕ ಪುತ್ತೂರು ಸ್ಟೇಷನ್ನಿಗೆ ಬೆಳಗಿನ ಗಾಡಿ ಬಂದು ನಿಂತ ಕೂಡಲೇ ಓವರ್‌ಬ್ರಿಜ್ಜಿನ ಮೇಲೆ ಏಳುತ್ತಿದ್ದ ಆ ಸದ್ದು ನನ್ನ ಕಿವಿಯಲ್ಲಿ ಈಗಲೂ ಉಂಟು. ರಬ್ಬರಿನದ್ದು, ಚರ್ಮದ್ದು, ಹೀಲ್ಸಿನದ್ದು, ಮಳೆಗಾಲವಾದರೆ ಒದ್ದೆ ಸ್ಯಾಂಡಲ್ಲುಗಳ ಪಚಪಚ, ಎಲ್ಲ ಸೇರಿ ಸಿಮೆಂಟಿನ ಅಂಗಳಕ್ಕೆ ಗೋಣಿಯಿಂದ ಅಡಿಕೆ ಸುರುವಿದ ಹಾಗೆ ಕೇಳುತ್ತಿತ್ತು. ಮಾತು ಮಾತ್ರ ಇಲ್ಲ. ಬೆಳಗ್ಗೆ ಯಾರಿಗೂ ಮಾತಿಗೆ ಪುರುಸೊತ್ತಿಲ್ಲ. ನರ್ಸುಗಳು, ಬಟ್ಟೆ ಅಂಗಡಿಯ ಹುಡುಗಿಯರು, ಬ್ಯಾಂಕಿನವರು, ಕಾಲೇಜು ಮಕ್ಕಳು, ಕೋರ್ಟಿಗೆ ಹೋಗುವ ಜೂನಿಯರುಗಳು, ಎಲ್ಲರೂ ಮಂಗಳೂರಿಗೆ. ನಾನೊಬ್ಬಳು ಮಂಗಳೂರಿನಿಂದ ಬಂದು ಇಳಿಯುವವಳು. ನಾನು ಬಂದ ಗಾಡಿಯೇ ಇವರನ್ನೆಲ್ಲ ತುಂಬಿಕೊಂಡು ತಿರುಗಿ ಹೋಗುತ್ತಿತ್ತು.

"ಆಂಟಿ, ಸೈಡ್! ಆಂಟಿ, ಒಂಚೂರು ಸೈಡ್!"

ಎಪ್ಪತ್ತು ದಾಟಿದವಳನ್ನು ಅಜ್ಜಿ ಅನ್ನದೆ ಆಂಟಿ ಅಂದರಲ್ಲ, ಒಂದು ಥ್ಯಾಂಕ್ಸ್ ಹೇಳೋಣ ಎಂದರೆ ಆ ಹುಡುಗಿ ಆಗಲೇ ಬಾಗಿಲಲ್ಲಿ ನೇತಾಡುತ್ತಿರುತ್ತಾಳೆ. 'ಎ ಲೇಡಿ ನೆವರ್ ರನ್ಸ್' ಎಂದು ನಮಗೆ ಕಲಿಸಿದ ಸಿಸ್ಟರು ಈ ಪ್ಲಾಟ್‌ಫಾರ್ಮನ್ನು ಕಂಡಿದ್ದರೆ ಅಲ್ಲೇ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು.

ನಾನು ಹುಟ್ಟಿದ್ದು ಸುಳ್ಯದ ಆಚೆ, ಅಜ್ಜಾವರದ ಕಡೆಯ ಒಂದು ಗೌಡರ ಮನೆಯಲ್ಲಿ. ಅಪ್ಪನಿಗೆ ಇಂಗ್ಲಿಷಿನ ಹುಚ್ಚಿತ್ತು. ಹಾಗಾಗಿ ನನ್ನನ್ನು ಪುತ್ತೂರಿನ ಕಾನ್ವೆಂಟಿನ ಬೋರ್ಡಿಂಗಿಗೆ ತಂದು ಬಿಟ್ಟರು. ಆಗ ನಮ್ಮ ಪಾಲಿಗೆ ಪುತ್ತೂರೇ ಪೇಟೆ. ಫ್ರಾಕಿನ ಬಟ್ಟೆಗೆ ಪುತ್ತೂರು, ಹಲ್ಲು ಕೀಳಿಸಲಿಕ್ಕೆ ಪುತ್ತೂರು, ಐಸ್‌ಕ್ಯಾಂಡಿಗೆ ಪುತ್ತೂರು. ಆ ಪುತ್ತೂರು ಈಗ ಮಂಗಳೂರಿನ ಮಲಗುವ ಕೋಣೆ ಆಗಿದೆ. ರೈಲು ಹೊರಟುಹೋದ ಮೇಲೆ ಸ್ಟೇಷನ್ನಿನಿಂದ ಹೊರಗೆ ಬಂದು ನೋಡಬೇಕು. ಗುಡ್ಡ ತರಿದು ಮಾಡಿದ ಲೇಔಟುಗಳು, ಒಂದರ ಹಾಗೇ ಇನ್ನೊಂದು ಫ್ಲಾಟು, ಬಾಲ್ಕನಿಯಲ್ಲಿ ಒಣಗಲು ಹಾಕಿದ ಯೂನಿಫಾರಂ, ಕೆಳಗೆ ಹಾರ್ಡ್‌ವೇರ್ ಅಂಗಡಿ, ಬೇಕರಿ, ಮೊಬೈಲ್ ರಿಪೇರಿ. ಸಂಜೆಯವರೆಗೆ ಕರೆಗಂಟೆ ಒತ್ತಿದರೆ ತೆಗೆಯುವವರು ಇಲ್ಲದ ಮನೆಗಳು. ನನ್ನ ಬಾಲ್ಯದ ಪೇಟೆಗೆ ಇಷ್ಟು ದೊಡ್ಡ ಮೌನ ಗೊತ್ತಿರಲಿಲ್ಲ.

ನಾನು ಅಲ್ಲಿಗೆ ಹೋಗುತ್ತಿದ್ದದ್ದು ನನ್ನ ಗೆಳತಿಯನ್ನು ನೋಡಲಿಕ್ಕೆ. ಕಾನ್ವೆಂಟಿನಲ್ಲಿ ಅವಳು ಡೇ ಸ್ಕಾಲರ್, ಪುತ್ತೂರು ಪೇಟೆಯ ಅಡಿಕೆ ವ್ಯಾಪಾರಿಯ ಮಗಳು, ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆತನ. ಆ ಕಾಲದಲ್ಲಿ ಅವರ ಹುಡುಗಿಯರು ಕಾನ್ವೆಂಟಿಗೆ ಬರುವುದು ಕಡಿಮೆ. ಬಾಂಬೆಯ ಸೇಟುಗಳು ಕಳಿಸುವ ತಾರನ್ನು ಓದಿ ಹೇಳಲಿಕ್ಕೆ ಮನೆಯಲ್ಲೇ ಒಬ್ಬರು ಇರಲಿ ಎಂದು ಅವಳ ತಂದೆ ಕಳಿಸಿದ್ದಂತೆ. "ನಾನು ಹತ್ತನೇ ಕ್ಲಾಸ್ ಪಾಸಾಗುವಾಗ ಅಪ್ಪ ಅಂಗಡಿಗೆ ಫೋನ್ ಹಾಕಿಸಿದ್ರು. ಮತ್ತೆಂತ, ಮದುವೆ ಮಾಡಿಸಿದ್ರು" ಎಂದು ಅವಳೇ ಹೇಳಿ ನಗುವುದು. ನನ್ನ ಮನೆಮಾತು ಅರೆಭಾಷೆ ಅವಳಿಗೆ ಬಾರದು, ಅವಳ ಬ್ಯಾರಿ ನನಗೆ ಅರ್ಧಂಬರ್ಧ. ಹಾಗಾಗಿ ನಾವಿಬ್ಬರೂ ಮಾತಾಡುವುದು ಕನ್ನಡದಲ್ಲಿ. ಜಗಳ ಮಾತ್ರ ಇಂಗ್ಲಿಷಿನಲ್ಲಿ.

ನಾನು ಮದುವೆಯಾಗಲಿಲ್ಲ. ಮಂಗಳೂರಿನ ಒಂದು ಆಫೀಸಿನಲ್ಲಿ ಸ್ಟೆನೋ ಆಗಿ ಸೇರಿ ಸೆಕ್ರೆಟರಿಯಾಗಿ ರಿಟೈರ್ ಆದೆ. ಎರಡು ಕೋಣೆಯ ನನ್ನ ಮನೆಯಲ್ಲಿ ಒಂದರಲ್ಲಿ ಅಮ್ಮ ಇದ್ದರು. ಅವರು ಹೋದ ಮೇಲೆ ಆ ಕೋಣೆಯಲ್ಲಿ ಇಸ್ತ್ರಿ ಮೇಜು ಒಂದೇ ನಿಂತಿತ್ತು. ರಾತ್ರಿ ಊಟದ ತಟ್ಟೆ ತೊಳೆದು ಕವುಚಿ ಹಾಕುವಾಗ ಆ ಖಾಲಿ ಕೋಣೆಯ ಬಾಗಿಲು ಕಾಣುತ್ತದೆ. ಒಂಟಿತನ ಎಂದರೆ ದೊಡ್ಡ ಮಾತಾಯಿತು. ನನಗೆ ಬೇಕಾಗಿದ್ದದ್ದು ಇಷ್ಟೇ: ಆ ಕೋಣೆಯಲ್ಲಿ ನನ್ನ ಗೆಳತಿ ಇರಬೇಕು, ಬೆಳಗ್ಗೆ ನನ್ನ ಚಹಾಕ್ಕೆ ಹೆಸರಿಡಬೇಕು. ಅವಳ ಗಂಡ ತೀರಿಹೋಗಿ ಕೆಲವು ವರ್ಷವಾಗಿತ್ತು. ಕೇಳಲಿಕ್ಕೆ ಎಂದೇ ನಾನು ತಿಂಗಳಿಗೊಮ್ಮೆ ಆ ಗಾಡಿ ಹತ್ತುತ್ತಿದ್ದೆ. ಕೇಳದೆಯೇ ಸಂಜೆ ತಿರುಗಿ ಬರುತ್ತಿದ್ದೆ.

ಅವಳು ಇದ್ದದ್ದು ತನ್ನ ಒಬ್ಬಳೇ ಮಗಳ ಫ್ಲಾಟಿನಲ್ಲಿ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ. ಮಗಳಿಗೆ ಮಂಗಳೂರಿನ ಕಾಲೇಜೊಂದರ ಆಫೀಸಿನಲ್ಲಿ ಕೆಲಸ, ಅಳಿಯನಿಗೆ ಗಲ್ಫಿನಲ್ಲಿ. ಬ್ಯಾರಿಗಳಲ್ಲಿ ಹಿಂದಿನಿಂದ ಬಂದ ಒಂದು ಕ್ರಮ ಉಂಟು. ಮದುವೆಯಾದ ಮೇಲೆ ಹುಡುಗಿ ಗಂಡನ ಮನೆಗೆ ಹೋಗುವುದಲ್ಲ, ಗಂಡನೇ ಅವಳ ಮನೆಗೆ ಬರುವುದು. ಅಳಿಯನಿಗೆ ಅವರು ಪುದಿಯಾಪ್ಳೆ ಎನ್ನುತ್ತಾರೆ. ಮದುಮಗ ಎಂದೇ ಅರ್ಥ, ತಲೆ ನೆರೆತರೂ ಅವನು ಮದುಮಗನೇ. ಮಗಳಿಗೆಂದು ಸಿಂಗರಿಸಿ ಬಿಟ್ಟುಕೊಡುವ ಕೋಣೆಗೆ ಅರ ಎಂದು ಹೆಸರು. ಫ್ಲಾಟಿನ ದೊಡ್ಡ ಕೋಣೆಯೇ ಮಗಳ ಅರ. ಅದರೊಳಗೆ ಬೀಟೆ ಮರದ ಕಡೆದ ಮಂಚ. ಗೆಳತಿಯ ಮದುವೆಗೆ ಅವಳ ತಾಯಿ ಮಾಡಿಸಿಕೊಟ್ಟದ್ದು, ಮಗಳ ಮದುವೆಯ ದಿನ ಇವಳು ಮಗಳಿಗೆ ಕೊಟ್ಟದ್ದು. ಲಿಫ್ಟಿಗೆ ಹಿಡಿಸದೆ ಮೆಟ್ಟಿಲಲ್ಲಿ ಹೊತ್ತು ತಂದರಂತೆ. ಹೊಲಿಗೆ ಮಿಷನ್ನಿನ ಪಕ್ಕದ ಸಣ್ಣ ಕೋಣೆಯಲ್ಲಿ ಗೆಳತಿ ಮಲಗುತ್ತಿದ್ದಳು.

ಮೊದಮೊದಲು ಆ ಫ್ಲಾಟಿನಲ್ಲಿ ನಮಗೆ ರಾಜ್ಯಭಾರ. ಮಗಳು ಗಾಡಿ ಹತ್ತಿದ ಮೇಲೆ ಮನೆ ಪೂರ್ತಿ ನಮ್ಮದೇ. ಅವಳು ಅಕ್ಕಿ ಹಿಟ್ಟು ಒತ್ತಿ ಪತ್ತಿರ್ ರೊಟ್ಟಿ ಸುಡುವುದು, ನಾನು ನಿಂತುಕೊಂಡು ತಿನ್ನುವುದು. ಕಾನ್ವೆಂಟಿನ ಹಾಡು, ಸಿಸ್ಟರುಗಳ ನಡಿಗೆಯ ಮಿಮಿಕ್ರಿ, ಎಲ್ಲ ಆಗುತ್ತಿತ್ತು.

ಆಮೇಲೆ ಅಳಿಯ ಕೆಲಸ ಬಿಟ್ಟು ಊರಿಗೇ ಬಂದ. ರಜೆಗಲ್ಲ, ಇನ್ನು ಹೋಗುವುದಿಲ್ಲ ಎಂದೇ ಬಂದದ್ದು. ಅದರ ನಂತರ ನಾನು ಹೋದ ದಿನ ಗೆಳತಿ ಪ್ಲಾಟ್‌ಫಾರ್ಮಿನಲ್ಲೇ ಸಿಕ್ಕಿದಳು. ಗಾಡಿಯ ಕಿಟಕಿಯಿಂದ ಮಗಳು ಕೈ ಹೊರಗೆ ಹಾಕಿ ಕೂಗಿದಳು.

"ಆಂಟೀ, ಉಮ್ಮ ನನ್ನನ್ನು ಬಿಡ್ಲಿಕ್ಕೆ ಬಂದದ್ದು! ಒಟ್ಟಿಗೆ ಮನೆಗೆ ಹೋಗಿ ಆಯ್ತಾ? ಇವತ್ತು ಊಟ ಅಲ್ಲೇ!"

ಗಾಡಿ ಹೋಯಿತು. ನಾನು ಗೇಟಿನ ಕಡೆ ಹೆಜ್ಜೆ ಹಾಕಿದರೆ ಇವಳು ನನ್ನ ಸೆರಗು ಹಿಡಿದಳು.

"ಎಲ್ಲಿಗೆ ಓಡುದು? ಕೂರು ಇಲ್ಲಿ. ಒಳ್ಳೆ ಗಾಳಿ ಉಂಟು."

"ಗಾಳಿ? ಈ ಗ್ರಾನೈಟ್ ಬೆಂಚಿನಲ್ಲಾ?"

"ಮತ್ತೆ ನಿನಗೆ ಸೋಫಾ ಹಾಕ್ಬೇಕಾ ಮಾರಾಯ್ತಿ? ದೊಡ್ಡ ಮೇಡಂ."

ಚೀಲದಿಂದ ಟಿಫಿನ್ ಡಬ್ಬಿ ತೆಗೆದಳು. ಪತ್ತಿರ್, ಕೋಳಿ ಸಾರು, ಎರಡು ಸ್ಟೀಲ್ ಲೋಟ, ಫ್ಲಾಸ್ಕಿನಲ್ಲಿ ಚಹಾ. ಪಿಕ್ನಿಕ್ ಇರಬಹುದು ಎಂದುಕೊಂಡೆ. ಮುಂದಿನ ತಿಂಗಳೂ ಅದೇ ಪಿಕ್ನಿಕ್. ಅದರ ಮುಂದಿನ ತಿಂಗಳು ಡಬ್ಬಿಯ ಜೊತೆಗೆ ಒರಗಲಿಕ್ಕೆ ಒಂದು ಸಣ್ಣ ತಲೆದಿಂಬು ಬಂತು. ಆಗ ನಾನು ಸುಮ್ಮನಿರಲಿಲ್ಲ.

"ಟೆಲ್ ಮಿ ದ ಟ್ರೂತ್. ನೀನು ದಿನಾ ಇಲ್ಲೇ ಕೂರುದಾ?"

ಅವಳು ಹಳಿಯನ್ನೇ ನೋಡುತ್ತಿದ್ದಳು. ಆಚೆ ಗೂಡ್ಸ್ ಗಾಡಿಯೊಂದು ನಿಂತಿತ್ತು.

"ಅವಳು ಬೆಳಗ್ಗೆ ಹೋಗ್ತಾಳೆ, ಸಂಜೆ ಬರ್ತಾಳೆ. ಮಧ್ಯದಲ್ಲಿ ಮನೆಯಲ್ಲಿ ನಾನು ಮತ್ತೆ ಪುದಿಯಾಪ್ಳೆ. ನಾನು ಎಲ್ಲಿ ಕೂರುದು ಹೇಳು? ಹಾಲಿನಲ್ಲಿ ಅವನು ಪೇಪರ್ ಓದ್ತಾ ಇರ್ತಾನೆ. ನಾನು ಬಂದ್ರೆ ಎದ್ದು ನಿಲ್ತಾನೆ. ನಾನು ಅಡಿಗೆಮನೆಗೆ ಹೋದ್ರೆ ನೀರಿಗೆ ಬರ್ಲಿಕ್ಕೂ ಅವನು ಕೆಮ್ಮಿ ಬರುದು."

"ಅವನೇನಾದರೂ ಅಂದನಾ?"

"ಛೆ! ಬಂಗಾರದಂಥ ಜನ. 'ಉಮ್ಮಾ ಕೂರಿ, ಉಮ್ಮಾ ಟೀವಿ ನೋಡಿ' ಅಂತಾನೆ. ಅದೇ ಕಷ್ಟ. ಜೋರು ಮಾಡುವವ ಆದ್ರೆ ನಾನೂ ಜೋರು ಮಾಡ್ತಿದ್ದೆ."

ಅವಳ ತಾಯಿ ಅಳಿಯನ ಎದುರು ಒಂದು ದಿನವೂ ಬಂದವರಲ್ಲವಂತೆ. ಬಾಗಿಲ ಹಿಂದಿನಿಂದ ಮಾತು, ಬಾಗಿಲ ಸಂದಿಯಿಂದ ಊಟದ ತಟ್ಟೆ. ಗೆಳತಿಯ ಗಂಡ ಅತ್ತೆಯನ್ನು ಗುರುತಿಸುತ್ತಿದ್ದದ್ದು ಬಳೆಯ ಸದ್ದಿನಿಂದ. ದೊಡ್ಡ ಮನೆ, ಹತ್ತು ಬಾಗಿಲು, ಅಲ್ಲಿ ಅದು ನಡೆಯುತ್ತಿತ್ತು. ಫ್ಲಾಟಿನಲ್ಲಿ ಬಾಗಿಲುಗಳೇ ಇಲ್ಲ, ಎಲ್ಲ ಓಪನ್ ಕಿಚನ್. ಅದೆಲ್ಲ ದೀನಿನಲ್ಲಿ, ಎಂದರೆ ಧರ್ಮದಲ್ಲಿ ಹೇಳಿದ್ದಲ್ಲ, ಹಿಂದಿನವರ ರೂಢಿ ಎಂದು ಮಗಳು ನೂರು ಸಲ ಹೇಳಿದ್ದಳಂತೆ.

"ನನಗೂ ಗೊತ್ತುಂಟು, ರೂಢಿ ಅಂತ. ತಲೆಗೆ ಗೊತ್ತುಂಟು. ಕಾಲು ಕೇಳುದಿಲ್ಲ, ಅವನು ಬಂದ ಕೂಡ್ಲೆ ಏಳ್ತದೆ" ಎಂದಳು. ಸಂಜೆ ಮಗಳು ಇಳಿಯುವ ಹೊತ್ತಿಗೆ ಎದ್ದು ನಿಂತು, ಆಗ ತಾನೇ ಕರೆದುಕೊಂಡು ಹೋಗಲು ಬಂದವಳ ಹಾಗೆ ಮುಖ ಮಾಡುತ್ತಾಳಂತೆ. ಮಗಳಿಗೆ ಅನುಮಾನವೇ ಇಲ್ಲ.

ಆಗಲೇ ಕೇಳಬೇಕಿತ್ತು. ನನ್ನ ಮನೆಯಲ್ಲಿ ಒಂದು ಕೋಣೆ ಉಂಟು ಎಂದು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಕರ ಗುಂಪೊಂದು ಬಂದು ನಮ್ಮ ಬೆಂಚಿನಲ್ಲೇ ಇಡ್ಲಿ ಪೊಟ್ಟಣ ಬಿಚ್ಚಿತು. ದಾರಿಯಲ್ಲಿ ಪಂಜ ಎಂಬ ಊರಿಗೂ ರೈಲು ಹೋಗುತ್ತದೋ ಎಂದು ಅವರು ನನ್ನನ್ನು ವಿಚಾರಿಸತೊಡಗಿದರು. ನನ್ನ ಮಾತು ಅಲ್ಲಿಗೇ ನಿಂತಿತು.

ಫ್ಲಾಟಿಗೆ ಮತ್ತೆ ಹೋದದ್ದು ನನ್ನ ಹಟದಿಂದ. ಕಾರಣ ತೀರಾ ಸಾಧಾರಣದ್ದು. ನನ್ನ ವಯಸ್ಸಿನವರಿಗೆ ಪ್ರಯಾಣ ಎಂದರೆ ಮೊದಲು ಬರುವ ಯೋಚನೆ ಬಾತ್‌ರೂಮಿನದ್ದು, ಮತ್ತು ನನ್ನ ಮಂಡಿಗೆ ಸ್ಟೇಷನ್ನಿನ ಕುಕ್ಕರುಗಾಲು ಆಗುವುದಿಲ್ಲ. ಅವತ್ತು ನಾನು ಎದ್ದೇ ಬಿಟ್ಟೆ.

"ಐ ಆ್ಯಮ್ ಗೋಯಿಂಗ್ ಟು ಯುವರ್ ಹೌಸ್. ನಿನ್ನ ಪುದಿಯಾಪ್ಳೆ ಎದ್ದು ನಿಂತರೆ ನಿಲ್ಲಲಿ, ವ್ಯಾಯಾಮ ಆಗ್ತದೆ."

"ಅಯ್ಯೋ, ಅವನು ಮಲಗಿದ್ರೆ?"

"ನಾನು ಅವನ ಮೇಲೆ ಕೂರುದಿಲ್ಲ, ಹೆದರ್ಬೇಡ."

ನಕ್ಕುಕೊಂಡು, ಗೊಣಗಿಕೊಂಡು ಬಂದಳು. ಮೂರನೇ ಮಾಳಿಗೆ. ಬಾಗಿಲಿಗೆ ಬೀಗ. ಇವಳು ಬೀಗವನ್ನು ನೋಡಿದಳು, ನನ್ನನ್ನು ನೋಡಿದಳು. ಎದುರು ಫ್ಲಾಟಿನ ಹೆಂಗಸು ಬಾಗಿಲು ತೆರೆದಳು. ಆ ಮಾಳಿಗೆಯಲ್ಲಿ ಹಗಲು ಇರುವವಳು ಅವಳೊಬ್ಬಳೇ, ಮನೆಯಲ್ಲೇ ಬ್ಲೌಸ್ ಹೊಲಿಯುವವಳು.

"ಅವರು ಇಲ್ಲ, ಅಮ್ಮ. ಬೆಳಗ್ಗೆಯೇ ಹೋದ್ರು."

"ಎಲ್ಲಿಗೆ?" ಎಂದಳು ಗೆಳತಿ.

"ದಿನಾ ಹೋಗ್ತಾರಲ್ಲ? ನಿಮ್ಮ ಹಿಂದೆಯೇ. ನಮಾಜಿಗೆ ಪಳ್ಳಿಯಲ್ಲಿ ಸ್ವಲ್ಪ ಹೊತ್ತು, ಮತ್ತೆ ಫ್ರೆಂಡಿನ ಟೈಲ್ಸ್ ಅಂಗಡಿಯಲ್ಲಿ. ನಾನು ಒಂದು ದಿನ ಕೇಳಿದೆ, ಎಂತ ಸಾಹೇಬ್ರೆ ಮನೆಯಲ್ಲಿ ಕೂರುದೇ ಇಲ್ವಾ ಅಂತ. ಅತ್ತೆ ಸ್ಟೇಷನ್ನಿಂದ ಬಂದು ಆರಾಮಲ್ಲಿ ಇರ್ಲಿ, ನಾನಿದ್ರೆ ಅವರಿಗೆ ಸಂಕೋಚ ಅಂದ್ರು. ನೀವು ಮತ್ತೆ ಮನೆಯಲ್ಲಿ ಇರ್ತೀರಿ ಅಂತ ನಾನು ಇವತ್ತಿನವರೆಗೆ ಗ್ರಹಿಸಿದ್ದು!"

ಗೆಳತಿ ಬೀಗ ತೆಗೆದು ಒಳಗೆ ಬಂದಳು. ಬಾಗಿಲು ಹಾಕಿ ಅದಕ್ಕೇ ಒರಗಿ ನಗಲಿಕ್ಕೆ ಶುರು ಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು, ಶಾಲು ಜಾರಿ ನೆಲಕ್ಕೆ. ನನಗೂ ತಡೆಯಲಿಲ್ಲ. ಸಾಲ ಮಾಡಿ ಕೊಂಡ ಮನೆ, ಸೋಫಾ, ಫ್ಯಾನು, ಟೀವಿ, ಎಲ್ಲ ಬೀಗದ ಒಳಗೆ. ಅಳಿಯನಿಗೆ ಜಾಗ ಬಿಡಲಿಕ್ಕೆ ಅತ್ತೆ ಪ್ಲಾಟ್‌ಫಾರ್ಮಿನಲ್ಲಿ, ಅತ್ತೆಗೆ ಜಾಗ ಬಿಡಲಿಕ್ಕೆ ಅಳಿಯ ಟೈಲ್ಸ್ ಅಂಗಡಿಯಲ್ಲಿ!

"ಇಬ್ಬರು ಬುದ್ಧಿವಂತರ ಮನೆ ಮಾರಾಯ್ತಿ ಇದು" ಎಂದಳು, ನೆಲದ ಮೇಲೇ ಕುಳಿತು ಮುಖ ಒರೆಸಿಕೊಳ್ಳುತ್ತಾ.

ನಗು ಇಳಿದ ಮೇಲೆ ಅವಳ ಶಾಲು ಎತ್ತಿ ಕೊಟ್ಟೆ. ನಾನು ಅವಳ ಪಕ್ಕ ಕುರ್ಚಿ ಎಳೆದುಕೊಂಡೆ. ಇಷ್ಟು ತಿಂಗಳು ನುಂಗಿದ್ದನ್ನು ಆಗ ಹೇಳಿಬಿಟ್ಟೆ.

"ನನ್ನಲ್ಲಿಗೆ ಬಾ. ಅಮ್ಮನ ಕೋಣೆ ಖಾಲಿ ಉಂಟು. ಬಾಗಿಲು ಉಂಟು ಅದಕ್ಕೆ, ಒಳ್ಳೆ ದಪ್ಪದ್ದು. ನಾವಿಬ್ಬರೂ ಇರುವ. ಕಂ ಅಂಡ್ ಲಿವ್ ವಿತ್ ಮಿ."

ಅವಳು ನನ್ನ ಮಂಡಿಯ ಮೇಲೆ ಕೈಯಿಟ್ಟಳು. ಬೇಡ ಎನ್ನಲಿಲ್ಲ.

"ನೋಡುವ" ಎಂದಳು.

ನಮ್ಮ ಕಡೆ ನೋಡುವ ಎಂದರೆ ಅರ್ಧ ಹೌದು. ಅಷ್ಟು ಸಾಕಾಯಿತು ನನಗೆ. ಮಂಗಳೂರಿಗೆ ಬಂದವಳೇ ಇಸ್ತ್ರಿ ಮೇಜನ್ನು ಹೊರಗೆ ಹಾಕಿಸಿದೆ. ಗೋಡೆಗೆ ಸುಣ್ಣ, ಕಿಟಕಿಗೆ ತಿಳಿ ಹಸಿರು ಕರ್ಟನ್, ನಮಾಜಿಗೆ ಮುಂಚೆ ನಲ್ಲಿಯ ಎದುರು ಕೂತು ಕಾಲು ತೊಳೆಯಲಿಕ್ಕೆ ಒಂದು ಸ್ಟೂಲು. ಅವಳ ನಮಾಜಿನ ದಿಕ್ಕು ಪಡುವಣ. ನಮ್ಮಲ್ಲಿ ಪಡುವಣ ಎಂದರೆ ಕಡಲು ಇರುವ ಕಡೆ, ಯಾರನ್ನೂ ಕೇಳಬೇಕಾಗಿಲ್ಲ. ಮಲಗಿದಾಗ ಕಾಲು ಆ ಕಡೆ ಬೀಳಬಾರದು ಎಂದು ಮಂಚವನ್ನು ತಿರುಗಿಸಿ ಹಾಕಿಸಿದೆ. ಕೆಲಸದ ಹೆಂಗಸು ಕೇಳಿದಳು, "ಅಮ್ಮಾ, ಯಾರು ಬರುದು, ಸೊಸೆಯಾ?" "ಸೊಸೆಗಿಂತ ಜೋರು" ಎಂದೆ. ಆ ತಿಂಗಳು ನಾನು ಒಬ್ಬಳೇ ಇರುವಾಗಲೂ ಹಾಡಿಕೊಂಡೆ ಎಂದು ಕಾಣುತ್ತದೆ. ಪಕ್ಕದ ಮನೆಯವರು ಕಂಪೌಂಡಿನ ಮೇಲಿಂದ ಬಗ್ಗಿ ನೋಡಿದ್ದರು.

ಮತ್ತೆ ಪುತ್ತೂರಿನಲ್ಲಿ ಇಳಿದ ದಿನ ಬೆಂಚು ಖಾಲಿ. ಅದರ ಪಕ್ಕ ಅಳಿಯ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಕೊಡೆ, ಮುಖದಲ್ಲಿ ಪರೀಕ್ಷೆ ಪಾಸಾದವನ ಕಳೆ.

"ಬನ್ನಿ ಆಂಟಿ, ಇವತ್ತು ಮನೆಗೇ. ನಿಮ್ಮ ಬೆಂಚಿನ ವಿಷಯ ಎಲ್ಲ ಗೊತ್ತಾಯ್ತು. ಹಗಲು ಮನೆಗೆ ಬೀಗ ಅಂತ ಎದುರುಮನೆಯವರು ಹೇಳಿದ್ರು, ಮತ್ತೆ ಸ್ಟೇಷನ್ನಿನಲ್ಲಿ ಕೇಳಿದೆ. ನನಗೆ ಎಷ್ಟು ನಾಚಿಕೆ ಆಯ್ತು ಅಂದ್ರೆ… ನಮ್ಮ ಉಮ್ಮ ರೈಲ್ವೇ ಸ್ಟೇಷನ್ನಿನಲ್ಲಿ ಕೂರುದಾ?"

ದಾರಿಯುದ್ದ ಹೇಳಿದ. ಜಾಗವಿಲ್ಲದ್ದೇ ತೊಂದರೆ ಎಂದು ಅವನಿಗೆ ಅನಿಸಿತ್ತು. ಹಾಗಾಗಿ ಅವನು ಮತ್ತು ಅವನ ಹೆಂಡತಿ ಸಣ್ಣ ಕೋಣೆಗೆ ಹೋಗಿ ದೊಡ್ಡದನ್ನು ಉಮ್ಮನಿಗೆ ಬಿಟ್ಟುಕೊಟ್ಟಿದ್ದರು. ಅಟ್ಯಾಚ್ಡ್ ಬಾತ್‌ರೂಮ್ ಉಂಟು, ಬಾಲ್ಕನಿ ಉಂಟು, ಸಣ್ಣ ಟೀವಿಯೊಂದನ್ನು ಹಾಕಿಸಿದ್ದಾನೆ, ಬಾಗಿಲು ಹಾಕಿಕೊಂಡರೆ ಫುಲ್ ಪ್ರೈವೆಸಿ. "ಹೊರಗೆ ಬರುದೇ ಬೇಡ ಆಂಟಿ ಅವರಿಗೆ!" ಎಂದ. ಅವನ ಸಂತೋಷ ಎಷ್ಟು ನಿಜವಾಗಿತ್ತು ಎಂದರೆ ನಾನೂ "ವೆರಿ ಗುಡ್, ವೆರಿ ಗುಡ್" ಎಂದೆ.

ದೊಡ್ಡ ಕೋಣೆಯಲ್ಲಿ ಗೆಳತಿ ನೆಲದ ಮೇಲೆ ಕುಳಿತಿದ್ದಳು. ಬೀಟೆಯ ಮಂಚದ ಮೇಲೆ ಹೊಸ ಬೆಡ್‌ಶೀಟು ಒಂದು ಸುಕ್ಕೂ ಇಲ್ಲದೆ ಇತ್ತು. ಅವನು ಚಹಾ ತಂದು ಬಾಗಿಲ ಹೊರಗೆ ಇಟ್ಟು, ಕೆಮ್ಮಿ, ಹೋದ.

"ಮಲಗುದೆಲ್ಲಿ ನೀನು?"

"ಇಲ್ಲೇ. ಚಾಪೆಯಲ್ಲಿ."

"ಮಂಚ?"

ಅವಳು ಮಂಚದ ಕಾಲನ್ನು ಮುಟ್ಟಿದಳು. ದನಿ ತಗ್ಗಿಸಿದಳು.

"ಇದು ಮಗಳ ಅರ. ನಾನೇ ಕೈಯಾರೆ ಹಾಸಿ, ಹೂ ಇಟ್ಟು, ಅವಳನ್ನು ಒಳಗೆ ಕಳಿಸಿದ್ದು. ಅರ ಕೊಟ್ಟ ಮೇಲೆ ತಾಯಿ ಅದರೊಳಗೆ ಗುಡಿಸ್ಲಿಕ್ಕೆ ಬಂದ್ರೂ ಕೂರುದಿಲ್ಲ. ಮಗಳನ್ನು ಎಬ್ಬಿಸಿ ತಾಯಿ ಆ ಮಂಚದಲ್ಲಿ ಮಲಗುದಾ? ಮಗಳು ಬಾಳದೆ ಇದ್ರೆ ಮಾತ್ರ ಅರ ತಿರುಗಿ ತಾಯಿಗೆ ಬರುದು. ನನಗೆ ಕಣ್ಣು ಮುಚ್ಚಿದ್ರೆ ಅದೇ ಬರ್ತದೆ ಮಾರಾಯ್ತಿ. ನಿದ್ರೆ ಇಲ್ಲ."

"ಅವನಿಗೆ ಹೇಳು. ಜಸ್ಟ್ ಟೆಲ್ ಹಿಮ್."

"ಎಂತ ಹೇಳುದು? ಪ್ರೀತಿಯಿಂದ ಕೊಟ್ಟದ್ದು ಅವನು. ಅವನ ತಾಯಿ ಬೇರೆ ಕ್ರಮದವರು, ಕೇರಳದ ಕಡೆಯವರು. ಅವನಿಗೆ ಇದು ಗೊತ್ತಿಲ್ಲ. ನಿನ್ನ ಪ್ರೀತಿಯಿಂದ ನನಗೆ ಅಪಶಕುನ ಕಾಣ್ತದೆ ಅಂತ ಹೇಳುದಾ? ಮಗಳಿಗೆ ಹೇಳಿದ್ರೆ ಅವಳು ಅವನಿಗೆ ಬೈತಾಳೆ."

ನನಗೆ ಒಳಗೊಳಗೆ ಸಂತೋಷ ಎಂದರೆ ತಪ್ಪಾದೀತು, ಆದರೆ ದಾರಿ ತೆರೆಯಿತು ಎಂದು ಅನಿಸಿತ್ತು. ಕೋಣೆಯ ಬಗ್ಗೆ ಹೇಳಿದೆ. ಕರ್ಟನ್, ಸ್ಟೂಲು, ತಿರುಗಿಸಿದ ಮಂಚ, ಎಲ್ಲ. ಅದರಲ್ಲಿ ಯಾರ ಮದುವೆಯೂ ಆಗಿಲ್ಲ ಎಂದೂ ಹೇಳಿದೆ. ಅವಳು ನಕ್ಕಳು. ಪಡುವಣ ನೋಡಿ ಮಂಚ ತಿರುಗಿಸಿದ್ದು ಯಾಕೆಂದು ಹೇಳಿದಾಗ ನಗು ನಿಂತಿತು. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು.

"ನಿನ್ನಲ್ಲಿಗೆ ಬರ್ಲಿಕ್ಕೆ ನನಗೆ ಎಷ್ಟು ಆಸೆ ಉಂಟು ಅಂತ ಗೊತ್ತುಂಟಾ ನಿನಗೆ?"

"ಮತ್ತೆ?"

"ನಾನು ನಿನ್ನಲ್ಲಿಗೆ ಬಂದ್ರೆ ಪುತ್ತೂರಿಡೀ ಕೇಳ್ತದೆ. ಪುದಿಯಾಪ್ಳೆ ಊರಿಗೆ ಬಂದ, ಅತ್ತೆ ಮನೆ ಬಿಟ್ಟು ಹೋದ್ಲು ಅಂತ. ಮಗಳಿದ್ದವಳು ಯಾಕೆ ಫ್ರೆಂಡಿನ ಮನೆಯಲ್ಲಿ ಇರ್ಬೇಕು? ಉತ್ತರ ಎಂತ? ಆ ಕೆಟ್ಟ ಹೆಸರು ಅವನ ತಲೆಗೆ ಬರ್ತದೆ. ಅವನು ಎಂತ ತಪ್ಪು ಮಾಡಿದ್ದು ಹೇಳು?"

"ಹಾಗಾದ್ರೆ ನೀನು ಈ ಚಾಪೆಯಲ್ಲೇ…"

"ಇಲ್ಲ. ಕೊಯಿಲದಲ್ಲಿ ತಮ್ಮ ಇದ್ದಾನಲ್ಲ. ಅವನ ಹೆಂಡತಿಗೆ ಕಾಲು ನೋವು, ಸಹಾಯಕ್ಕೆ ಹೋಗ್ತೇನೆ ಅಂತ ಹೇಳ್ತೇನೆ. ಕಾಲು ನೋವು ಇರುದು ಹೌದು, ಸುಳ್ಳಲ್ಲ. ತಮ್ಮನ ಮನೆಗೆ ಹೋದ ಹೆಂಗಸಿನ ಹತ್ರ ಯಾಕೆ ಹೋದದ್ದು ಅಂತ ಯಾರೂ ಕೇಳುದಿಲ್ಲ. ಯಾವಾಗ ಬರುದು ಅಂತಲೂ ಕೇಳುದಿಲ್ಲ."

ಇಂಗ್ಲಿಷಿನಲ್ಲಿ ಜಗಳವಾಡಿದೆ. ಪಬ್ಲಿಕ್ ಒಪಿನಿಯನ್, ನಾನ್‌ಸೆನ್ಸ್, ಯುವರ್ ಲೈಫ್, ಏನೇನೋ ಅಂದೆ. ಅವಳು ಕನ್ನಡದಲ್ಲೇ ಉತ್ತರ ಕೊಟ್ಟಳು. ಅವಳು ಜಗಳಕ್ಕೆ ಬರಲಿಲ್ಲ ಎಂದು ತಿಳಿದಾಗಲೇ ನನಗೆ ಗೊತ್ತಾಗಿತ್ತು, ಇದು ತೀರ್ಮಾನವಾದ ಮಾತು ಎಂದು. ಕೊಯಿಲ ಕಡಬದ ಕಡೆ. ಅಲ್ಲಿಗೆ ಬೆಳಗ್ಗೆ ಹೋಗಿ ಸಂಜೆ ಬರುವ ರೈಲಿಲ್ಲ. ಎರಡು ಬಸ್ಸು, ಮತ್ತೆ ಏರು ದಾರಿ, ನನ್ನ ಮಂಡಿ. ಅವಳಿಗೂ ಅದು ಗೊತ್ತಿತ್ತು.

ಅವಳು ಹೊರಡುವ ದಿನ ನಾನು ಹೋದೆ. ಅವತ್ತು ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ನೇರ ಬಸ್ ಸ್ಟ್ಯಾಂಡಿಗೆ. ಮಗಳಿಗೆ ರಜೆ ಸಿಕ್ಕಿರಲಿಲ್ಲ, ಬೆಳಗ್ಗೆ ಮನೆಯಲ್ಲೇ ಬೀಳ್ಕೊಟ್ಟು ಗಾಡಿ ಹತ್ತಿದ್ದಳು. ಅಳಿಯ ಬ್ಯಾಗು ಹಿಡಿದು ಅತ್ತೆಯಿಂದ ಎರಡು ಮಾರು ದೂರ ನಿಂತಿದ್ದ. ಅವನಿಗೆ ಬೇಜಾರಾಗಿತ್ತು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಆಂಟಿ, ಉಮ್ಮ ಬೇಗ ಬರ್ತಾರಲ್ಲ? ಕೋಣೆ ಹಾಗೇ ಇಟ್ಟಿರ್ತೇವೆ. ಯಾರೂ ಒಳಗೆ ಹೋಗುದಿಲ್ಲ."

"ಹಾಗೆಲ್ಲ ಖಾಲಿ ಬಿಡಬೇಡಿ ಮಾರಾಯ್ರೆ. ನೀವೇ ಇರಿ ಅದರಲ್ಲಿ. ಉಮ್ಮನಿಗೆ ಅದೇ ಖುಷಿ" ಎಂದೆ. ಗೆಳತಿಗೆ ಅದು ಕೇಳಿಸಿತು. ಶಾಲಿನ ಅಂಚಿನಿಂದ ನನ್ನನ್ನು ಒಮ್ಮೆ ನೋಡಿದಳು. ನಮ್ಮ ಅರುವತ್ತು ಚಿಲ್ಲರೆ ವರ್ಷಗಳಲ್ಲಿ ಅವಳು ನನಗೆ ಥ್ಯಾಂಕ್ಸ್ ಹೇಳಿದ್ದು ಆ ನೋಟ ಒಂದೇ.

ಉಪ್ಪಿನಂಗಡಿ ದಾರಿಯಾಗಿ ಹೋಗುವ ಬಸ್ಸು ಬಂತು. "ಉಪ್ಪಿನಂಗಡಿ, ಆಲಂಕಾರು, ಕಡಬ! ಮುಂದೆ ಹೋಗಿ, ಮುಂದೆ ಹೋಗಿ!" ಕಂಡಕ್ಟರು ಬಾಗಿಲು ಬಡಿಯುತ್ತಿದ್ದ. ಜನ ತುಂಬಿತ್ತು. ಹೇಗೋ ಒಳಗೆ ನುಗ್ಗಿದಳು, ಯಾರೋ ಎದ್ದು ಕಿಟಕಿಯ ಸೀಟು ಕೊಟ್ಟರು. ನಾನು ಹೊರಗಿನಿಂದ ಕಿಟಕಿಯ ಕೆಳಗೆ ಹೋಗಿ ನಿಂತೆ.

"ತಲುಪಿದ ಮೇಲೆ ಫೋನ್ ಮಾಡು" ಎಂದೆ.

"ನೆಟ್‌ವರ್ಕ್ ಸಿಕ್ಕಿದ್ರೆ ಮಾಡ್ತೇನೆ. ಗುಡ್ಡಕ್ಕೆ ಹತ್ತಬೇಕು. ನೀನು ಬಿಸಿಲಿಗೆ ನಿಲ್ಬೇಡ, ಹೋಗು."

"ಹೋಗ್ತೇನೆ, ನಿನಗೆಂತ?"

"ಹಟಮಾರಿ."

ಅಷ್ಟರಲ್ಲಿ ಕೈಯಲ್ಲಿ ಮಗು ಹಿಡಿದ ಹೆಂಗಸೊಬ್ಬಳು ಒಳಗೆ ಬಂದು ಕಂಬಿಗೆ ಜೋತುಬಿದ್ದಳು. ನಮ್ಮ ಕಡೆಯ ಬಸ್ಸುಗಳಲ್ಲಿ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ನಿಂತವರ ಚೀಲ, ಮಗು, ಕೋಳಿ ಎಲ್ಲ ಕುಳಿತವರ ಮಡಿಲಿಗೆ. ಮಗು ಗೆಳತಿಯ ಮಡಿಲಿಗೆ ಬಂತು. ಬಂದದ್ದೇ ಅವಳ ಶಾಲನ್ನು ಮುಷ್ಟಿ ಹಿಡಿದು ಅಳಲಿಕ್ಕೆ ಶುರು ಮಾಡಿತು. ಅವಳು ಬಗ್ಗಿ ಅದಕ್ಕೆ ಬ್ಯಾರಿಯಲ್ಲಿ ಏನೋ ಹೇಳಿದಳು. ಅಳು ನಿಲ್ಲಲಿಲ್ಲ. ಬಳೆ ಆಡಿಸಿ ತೋರಿಸಿದಳು.

ಬಸ್ಸು ಹೊರಟಿತು. ನಾನು ಕೈಯೆತ್ತಿದೆ. ಅವಳು ಮಗುವಿನ ಮುಖವನ್ನೇ ನೋಡುತ್ತಿದ್ದಳು, ಹುಬ್ಬು ಮೇಲೆ ಮಾಡಿ, ಬಾಯಿ ಸುರುಟಿ, ಅದನ್ನು ನಗಿಸಲಿಕ್ಕೆ. ಬಸ್ಸು ಸ್ಟ್ಯಾಂಡಿನಿಂದ ಹೊರಗೆ ತಿರುಗುವವರೆಗೂ ಅವಳು ತಲೆ ಎತ್ತಲಿಲ್ಲ. ನಾನು ಅವಳನ್ನು ಕಡೆಯ ಸಲ ಕಂಡದ್ದು ಹಾಗೆ.